ಅರಿಸ್ಟಾಟಲ್‌ಗೆ 22 ಗೋಳ ಹೆಚ್ಚಿಗೆ ಯಾಕೆ ಬೇಕಾಯ್ತು?

[ಪರದೆ ಮೇಲೆ: 33. ಪಕ್ಕದಲ್ಲಿ 55.]

ನಿರೂಪಣೆ: ಸೂರ್ಯ, ಚಂದ್ರ, ಐದು ಗ್ರಹ. ಇವೆಲ್ಲ ಭೂಮಿಯ ಸುತ್ತ ತಿರುಗೋ ಕಾಣದ ಗೋಳಗಳ ಮೇಲೆ ಕೂತಿವೆ ಅನ್ನೋದು ಹಳೇ ಗ್ರೀಕರ ಊಹೆ. ಇವುಗಳ ಓಡಾಟ ವಿವರಿಸೋಕೆ ಗ್ರೀಕ್ ಖಗೋಳಜ್ಞ ಕ್ಯಾಲಿಪಸ್‌ಗೆ 33 ಗೋಳ ಸಾಕಾಗಿತ್ತು. ಅದೇ ಆಕಾಶಕ್ಕೆ ಅರಿಸ್ಟಾಟಲ್ 55 ಅಂತಾನೆ. ಮೇಲೆ ಹೊಸದೇನೂ ಕಂಡಿರಲಿಲ್ಲ. ಬದಲಾಗಿದ್ದು ಒಂದೇ ಪ್ರಶ್ನೆ: ಜಾಗ ಅಂದ್ರೆ ಏನು?

[ಆನಿಮೇಷನ್: ಒಂದರೊಳಗೊಂದು ನಾಲ್ಕು ಗೋಳ. ಒಳಗಿನದರ ಮೇಲೆ ಶನಿ.]

ಮೊದಲು ಯುಡಾಕ್ಸಸ್, ಕ್ಯಾಲಿಪಸ್ ಬೆಳೆಸಿದ್ದು ಇವನ ಲೆಕ್ಕವನ್ನೇ. ಕ್ರಿ.ಪೂ. 4ನೇ ಶತಮಾನ. ಅವನ ಶನಿಗೆ ನಾಲ್ಕು ಗೋಳ. ಹೊರಗಿನದು ದಿನಕ್ಕೊಂದು ಸುತ್ತು. ಎರಡನೆಯದು ರಾಶಿಚಕ್ರದ ದಾರಿಯಲ್ಲಿ, ಸುಮಾರು 30 ವರ್ಷಕ್ಕೊಂದು ಸುತ್ತು. ಮೂರು ಮತ್ತು ನಾಲ್ಕು ಒಂದೇ ವೇಗದಲ್ಲಿ, ಆದ್ರೆ ಎದುರು ದಿಕ್ಕಿಗೆ ತಿರುಗ್ತವೆ. ಅಕ್ಷಗಳು ಒಂದಕ್ಕೊಂದು ಸ್ವಲ್ಪ ವಾಲಿವೆ. ಈ ಕೊನೆಯ ಜೋಡಿ ಸೇರಿ ಗ್ರಹ ಇಂಗ್ಲಿಷಿನ 8ರ ಆಕಾರ ಬರೆಯುತ್ತೆ. ಪಂಚಾಂಗದಲ್ಲಿ ‘ವಕ್ರಿ’ ಅಂತ ಓದ್ತೀವಲ್ಲ, ಆ ಹಿಂದಡಿ ಹುಟ್ಟೋದು ಇಲ್ಲೇ.

ಗಮನಿಸಿ, ಇಲ್ಲಿ ಪ್ರತಿ ಗ್ರಹದ ಲೆಕ್ಕವೂ ಬೇರೆ ಬೇರೆ. ಶನಿಯ ಗೋಳಗಳಿಗೂ ಗುರುವಿನ ಗೋಳಗಳಿಗೂ ಸಂಬಂಧವೇ ಇಲ್ಲ.

[ದೃಶ್ಯ: ನೀರು ತುಂಬಿದ ಚೊಂಬು, ಹತ್ತಿರದಿಂದ.]

ಅರಿಸ್ಟಾಟಲ್‌ಗೆ ಇದು ಒಗ್ಗಲಿಲ್ಲ. ಈ ನೀರಿನ ‘ಜಾಗ’ ಯಾವುದು? ನೀರಿಗೆ ತಾಗಿರೋ ಚೊಂಬಿನ ಒಳಮೈ. ಸುತ್ತುವರಿದ ವಸ್ತುವಿನ ಅಲುಗಾಡದ ಒಳ ಅಂಚೇ ಜಾಗ ಅನ್ನೋದು ಅವನ ವ್ಯಾಖ್ಯೆ. ಹಾಗಾದ್ರೆ ಏನೂ ಇಲ್ಲದ ಜಾಗ ಅನ್ನೋ ಮಾತಿಗೇ ಅರ್ಥವಿಲ್ಲ. ಇನ್ನೊಂದು ವಾದವೂ ಇದೆ: ಮಾಧ್ಯಮ ತೆಳುವಾದಷ್ಟೂ ವೇಗ ಹೆಚ್ಚು, ಮಾಧ್ಯಮವೇ ಇಲ್ಲದಿದ್ರೆ ವೇಗಕ್ಕೆ ಮಿತಿಯೇ ಇರಲ್ಲ. ಅದು ಅಸಾಧ್ಯ, ಆದ್ದರಿಂದ ಶೂನ್ಯವೂ ಇಲ್ಲ.

ಚಲನೆಯದ್ದೂ ಹೀಗೇ. ಮಣ್ಣು ಕೆಳಕ್ಕೆ, ಬೆಂಕಿ ಮೇಲಕ್ಕೆ. ವಿಶ್ವಕ್ಕೆ ಮಿತಿ ಇರೋದ್ರಿಂದ ನೇರ ಓಟ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ವೃತ್ತಕ್ಕೆ ಕೊನೆಯಿಲ್ಲ, ಎದುರಾಳಿ ಚಲನೆಯೂ ಇಲ್ಲ. ಹಾಗಾಗಿ ಆಕಾಶಕಾಯಗಳಿಗೆ ಹುಟ್ಟು ಸಾವಿಲ್ಲದ ಐದನೇ ದ್ರವ್ಯ, ಈಥರ್.

[ಆನಿಮೇಷನ್: ಶನಿಯ ಗೋಳಗಳ ಒಳಗೆ ಗುರುವಿನ ಗೋಳಗಳು ಕೂರುತ್ತವೆ. ಗುರು ದಾರಿ ತಪ್ಪುತ್ತದೆ.]

ಈಗ ತೊಡಕು. ಸಂದೇ ಇಲ್ಲ ಅಂದ್ಮೇಲೆ ಗುರುವಿನ ಹೊರಗೋಳ ಶನಿಯ ಒಳಗೋಳಕ್ಕೆ ತಾಗಿಯೇ ಇರಬೇಕು. ಶನಿಯ ಕುಣಿತವೆಲ್ಲ ಗುರುವಿಗೂ ಅಂಟುತ್ತೆ! ಪರಿಹಾರವಾಗಿ ಶನಿಯ ಕೆಳಗೆ ಮೂರು ಗೋಳ: ನಾಲ್ಕನೆಯದರ ಸುತ್ತು ಬಿಚ್ಚೋಕೆ ಒಂದು, ಮೂರನೆಯದಕ್ಕೆ ಒಂದು, ಎರಡನೆಯದಕ್ಕೆ ಒಂದು. ದಿನದ ಸುತ್ತು ಎಲ್ಲರಿಗೂ ಬೇಕು, ಅದನ್ನು ಬಿಚ್ಚೋದಿಲ್ಲ.

ಶನಿ, ಗುರುವಿಗೆ ಮೂರು ಮೂರು. ಐದೈದು ಗೋಳವಿರುವ ಕುಜ, ಶುಕ್ರ, ಬುಧ, ಸೂರ್ಯನಿಗೆ ನಾಲ್ಕು ನಾಲ್ಕು. ಚಂದ್ರನ ಕೆಳಗೆ ಗ್ರಹವಿಲ್ಲ, ಅದಕ್ಕೆ ಸೊನ್ನೆ. ಒಟ್ಟು 22.

ಒಂದು ತಮಾಷೆ: ಸೂರ್ಯ, ಚಂದ್ರರಿಗೆ ಯುಡಾಕ್ಸಸ್ ಲೆಕ್ಕದ ಮೇಲೆ ಕ್ಯಾಲಿಪಸ್ ಸೇರಿಸಿದ ಎರಡೆರಡು ಗೋಳಗಳನ್ನು ಬಿಟ್ಟರೆ 47 ಉಳಿಯುತ್ತೆ ಅಂತ ಅರಿಸ್ಟಾಟಲ್ ಪಠ್ಯದಲ್ಲಿದೆ. ನೀವೇ ಕಳೆದು ನೋಡಿ: ಆ ಗೋಳ ನಾಲ್ಕು, ಸೂರ್ಯನ ಕೆಳಗೆ ಅವುಗಳ ಸುತ್ತು ಬಿಚ್ಚುವವು ಎರಡು. 49 ಬರುತ್ತೆ.

[ದೃಶ್ಯ: ಕುಜ ಮಂಕಾಗಿ, ನಂತರ ಪ್ರಖರವಾಗಿ.]

ಇಷ್ಟೆಲ್ಲ ಮಾಡಿದರೂ ಎಲ್ಲ ಗೋಳಗಳ ಕೇಂದ್ರ ಭೂಮಿಯೇ. ಅಂದ್ರೆ ಗ್ರಹದ ದೂರ ಬದಲಾಗೋ ಹಾಗೇ ಇಲ್ಲ. ಕುಜನ ಹೊಳಪು ಮಾತ್ರ ಕಣ್ಣಿಗೆ ರಾಚುವಷ್ಟು ಏರಿಳಿಯುತ್ತೆ. ಸೂರ್ಯನದ್ದೂ ತೊಡಕೇ: ಗ್ರೀಕ್ ಖಗೋಳಜ್ಞ ಹಿಪಾರ್ಕಸ್ ಎಣಿಸಿದಾಗ ವಸಂತ 94½ ದಿನ, ಬೇಸಿಗೆ 92½. ಭೂಮಿ ಕೇಂದ್ರದಲ್ಲಿದ್ದು ಸೂರ್ಯ ಒಂದೇ ವೇಗದಲ್ಲಿ ಸುತ್ತಿದ್ರೆ ಇವು ಸಮ ಇರಬೇಕಿತ್ತು. ಹಾಗಾಗಿ ಸೂರ್ಯನ ವೃತ್ತದ ಕೇಂದ್ರವನ್ನು ಭೂಮಿಯಿಂದ ತ್ರಿಜ್ಯದ 1/24ರಷ್ಟು ಪಕ್ಕಕ್ಕೆ ಸರಿಸಬೇಕಾಯ್ತು. ಕ್ರಿ.ಶ. 2ನೇ ಶತಮಾನದ ಟಾಲೆಮಿ ಇನ್ನೂ ಮುಂದೆ ಹೋಗಿ, ಯಾವ ಬಿಂದುವಿನಿಂದ ನೋಡಿದ್ರೆ ಚಲನೆ ಒಂದೇ ವೇಗದ್ದಾಗಿ ಕಾಣುತ್ತೋ ಆ ಬಿಂದುವನ್ನೂ ವೃತ್ತದ ಕೇಂದ್ರದಿಂದ ಬೇರೆ ಮಾಡಿದ.

ಆದರೂ ‘ಸಂದಿಲ್ಲ’ ಅನ್ನೋದನ್ನು ಅವನು ಬಿಡಲಿಲ್ಲ. ಚಂದ್ರನ ಅತಿ ದೂರವೇ ಬುಧನ ಅತಿ ಹತ್ತಿರ: 64 ಭೂತ್ರಿಜ್ಯ, ಅಂದ್ರೆ ಭೂಮಿಯ ತ್ರಿಜ್ಯದ 64 ಪಟ್ಟು. ಬುಧ ಮುಗಿಯೋದು 166ಕ್ಕೆ, ಅಲ್ಲಿಂದ ಶುಕ್ರ 1,079ರ ತನಕ. ಸೂರ್ಯ ಶುರುವಾಗೋದು ಮಾತ್ರ 1,160ಕ್ಕೆ. ನಡುವೆ 81 ಭೂತ್ರಿಜ್ಯದ ಸಂದು. ಚಂದ್ರನ ದೂರ ಸ್ವಲ್ಪ ಹೆಚ್ಚಿಸಿದರೆ ಸೂರ್ಯ ಹತ್ತಿರ ಬಂದು ಅದು ಮುಚ್ಚುತ್ತೆ ಅಂದ ಟಾಲೆಮಿ.

[ಪರದೆ ಮೇಲೆ: 1,079 | ? | 1,160]