ದಾರಿ ಹೇಳುವವರು ಎಲ್ಲಿ ಹೋದರು?

ಮಾರೋವಿಂಡ್, ಆಬ್ಲಿವಿಯನ್, ಸ್ಕೈರಿಮ್. ಬೆಥೆಸ್ಡಾ ಕಂಪನಿಯ ಎಲ್ಡರ್ ಸ್ಕ್ರೋಲ್ಸ್ ಸರಣಿಯ ಮೂರು ಗೇಮ್‌ಗಳು. ಈ ಮೂರರಲ್ಲಿ ಯಾವುದು ಮೇಲು ಅನ್ನುವ ಜಗಳ ವರ್ಷಗಳಿಂದ ನಡೆಯುತ್ತಲೇ ಇದೆ. ಇನ್ನೂ ಮುಗಿದಿಲ್ಲ. ಮುಗಿಯುವುದೂ ಬೇಡ ಬಿಡಿ, ಹೊಸ ಗೇಮ್ ಬರುವವರೆಗೆ ನಮಗೂ ಏನಾದರೂ ಕೆಲಸ ಬೇಕಲ್ವಾ.

ಯಾಕೆಂದರೆ ಹೊಸದು ಬರುತ್ತಲೇ ಇಲ್ಲ. ಸ್ಕೈರಿಮ್ ಬಂದಿದ್ದು 2011ರ ನವೆಂಬರ್ 11ಕ್ಕೆ. ಎಲ್ಡರ್ ಸ್ಕ್ರೋಲ್ಸ್ 6ರ ಮೊದಲ ಟೀಸರ್ ಬಂದಿದ್ದು 2018ರ ಜೂನ್‌ನಲ್ಲಿ. ಅದರಲ್ಲಿ ಇದ್ದಿದ್ದು ಏನು? ಒಂದಿಷ್ಟು ಬೆಟ್ಟ, ಒಂದಿಷ್ಟು ಮಂಜು, ಮೇಲೆ ಹೆಸರು. ಅಷ್ಟೇ. ಅವತ್ತು ಪಿಯುಸಿ ಓದುತ್ತಿದ್ದವರು ಈಗ ಕೆಲಸಕ್ಕೆ ಸೇರಿ ಪಿಎಫ್ ಕಟ್ಟುತ್ತಿದ್ದಾರೆ. 2023ರಲ್ಲಿ ಅಮೆರಿಕದ ಕೋರ್ಟಿನಲ್ಲಿ ಕೇಳಿದಾಗ ಬೆಥೆಸ್ಡಾವನ್ನು ಕೊಂಡ ಮೈಕ್ರೋಸಾಫ್ಟ್‌ನ ಆಗಿನ ಗೇಮಿಂಗ್ ಮುಖ್ಯಸ್ಥ ಫಿಲ್ ಸ್ಪೆನ್ಸರ್, ಅದಕ್ಕೆ ಇನ್ನೂ ಐದು ವರ್ಷಕ್ಕಿಂತ ಜಾಸ್ತಿ ಬೇಕು ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟರು.

ಹಾಗಾಗಿ ಅಭಿಮಾನಿಗಳು ಹಳೆಯದನ್ನೇ ತಿರುವಿ ಹಾಕುತ್ತಾ ಕೂತಿದ್ದಾರೆ. ಮಾರೋವಿಂಡ್‌ನವರಿಗೆ ಕಥೆ, ಲೋಕ ಮುಖ್ಯ. ಆಬ್ಲಿವಿಯನ್‌ನವರಿಗೆ ಗಿಲ್ಡ್ ಕ್ವೆಸ್ಟ್‌ಗಳು, ಅಂದರೆ ಗೇಮ್ ಒಳಗಿನ ಸಂಘಗಳು ಕೊಡುವ ಕೆಲಸಗಳು ಮುಖ್ಯ. ಸ್ಕೈರಿಮ್‌ನವರು ಏನೂ ವಾದ ಮಾಡುವುದಿಲ್ಲ, ಸುಮ್ನೆ ಇನ್ನೂರು ಮಾಡ್ (ಅಭಿಮಾನಿಗಳೇ ಮಾಡಿದ ಬದಲಾವಣೆ) ಹಾಕಿಕೊಂಡು ಆಡುತ್ತಿರುತ್ತಾರೆ. ಹೊಸ ಗೇಮ್ ಹೇಗಿರಬೇಕು ಅಂತ ಕೇಳಿದರೆ ಎಲ್ಲರೂ ಮ್ಯಾಪ್ ಎಷ್ಟು ದೊಡ್ಡದು, ಗ್ರಾಫಿಕ್ಸ್ ಹೇಗೆ, ಗೇಮ್ ನಡೆಸುವ ಎಂಜಿನ್ (ಸಾಫ್ಟ್‌ವೇರ್) ಯಾವುದು ಅನ್ನುವಲ್ಲಿಗೇ ಬಂದು ನಿಲ್ಲುತ್ತಾರೆ.

ನನಗೆ ಈ ಮೂರೂ ಮುಖ್ಯ ಅನ್ನಿಸುವುದಿಲ್ಲ. ಈ ಸರಣಿ ಕಳೆದುಕೊಂಡ ದೊಡ್ಡ ವಸ್ತು ಬೇರೆ ಇದೆ. ಗೇಮ್ ಒಳಗಿನ ಜನ ದಾರಿ ಹೇಳುವುದನ್ನು ನಿಲ್ಲಿಸಿಬಿಟ್ಟರು.

ಮಾರೋವಿಂಡ್ ಆಡದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2002ರ ಗೇಮ್ ಅದು. ಸೇಡಾ ನೀನ್ ಅನ್ನುವ ಕೆಸರುಗದ್ದೆಯಂಥ ಊರಿನಲ್ಲಿ ಹಡಗಿನಿಂದ ಇಳಿಯುತ್ತೀರಿ. ಕೈಯಲ್ಲಿ ಒಂದು ಪೊಟ್ಟಣ. ಅದನ್ನು ಬಾಲ್ಮೋರಾದಲ್ಲಿರುವ ಕೇಯಸ್ ಕೊಸೇಡ್ಸ್‌ಗೆ ಕೊಡಬೇಕು. ಪರದೆಯ ಮೇಲೆ ದಾರಿ ತೋರಿಸುವ ಬಾಣ ಇಲ್ಲ, ಮಿನುಗುವ ಚುಕ್ಕೆ ಇಲ್ಲ. ಬಾಲ್ಮೋರಾಗೆ ಹೋಗಿ ಜನರನ್ನು ಕೇಳಿ ಅವನ ಮನೆ ಹುಡುಕಬೇಕು. ಮುಂದೆ ಆರ್ಕ್‌ನ್‌ಥ್ಯಾಂಡ್ ಅನ್ನುವ ಪಾಳುಬಿದ್ದ ಜಾಗಕ್ಕೆ ಹೋಗಬೇಕು. ಮೂನ್‌ಮಾತ್ ಕೋಟೆ ಯಾವ ಕಡೆ, ಫೊಯಾಡಾ ಮಮಾಯಾ ಕಣಿವೆಯ ಮೇಲಿನ ಸೇತುವೆ ಎಲ್ಲಿ, ಅದನ್ನು ದಾಟಿದ ಮೇಲೆ ಏನು ಅಂತ ಹೇಳಿ ಕಳಿಸುತ್ತಾರೆ. ಅಲ್ಲಿಗೆ ಹೋದರೆ ಬಾಗಿಲು ತೆಗೆಯುವುದಿಲ್ಲ. ಹತ್ತಿರದ ಪೈಪಿನಲ್ಲಿರುವ ಹಿಡಿಕೆ ತಿರುಗಿಸಬೇಕು.

ನಮ್ಮ ಹಳ್ಳಿಗಳಲ್ಲಿ ದಾರಿ ಕೇಳಿದರೆ ಹೇಗೆ ಹೇಳುತ್ತಾರೋ ಹಾಗೆ. ಆಲದ ಮರದ ಹತ್ತಿರ ಎಡಕ್ಕೆ ಹೊಡೀರಿ, ಮಾರಮ್ಮನ ಗುಡಿ ಸಿಗುತ್ತೆ, ಅಲ್ಲಿ ಇನ್ನೊಂದು ಸಲ ಕೇಳಿ. ಹೀಗೆ ಹೋದವನಿಗೆ ಆಲದ ಮರವೂ ನೆನಪಿರುತ್ತದೆ, ಗುಡಿಯೂ ನೆನಪಿರುತ್ತದೆ.

ಹಾಗಂತ ಮಾರೋವಿಂಡ್ ಭಕ್ತರ ಜೊತೆ ನಾನು ಭಜನೆಗೆ ಕೂರುವುದಿಲ್ಲ. ಆ ಗೇಮ್‌ನಲ್ಲಿ ಕತ್ತಿ ಎದುರಾಳಿಯ ಮೈಗೆ ತಾಗಿದರೂ ಒಳಗಿನ ಅದೃಷ್ಟದ ದಾಳ ಬೀಳದಿದ್ದರೆ ಪೆಟ್ಟು ಬೀಳುವುದಿಲ್ಲ. ಓಡಿ ಸುಸ್ತಾಗಿದ್ದರೆ ಇನ್ನೂ ಕಷ್ಟ. ಕ್ಲಿಫ್ ರೇಸರ್ ಅನ್ನುವ ಹಾರುವ ಪೀಡೆಗಳ ಬಗ್ಗೆ ಮಾತಾಡದಿರುವುದೇ ಒಳ್ಳೆಯದು. ಆ ಗೇಮ್‌ನ ಜನ ಹೇಳುವ ದಾರಿಯೂ ಕೆಲವು ಕಡೆ ಅರ್ಧಂಬರ್ಧ. ಆ ಆರ್ಕ್‌ನ್‌ಥ್ಯಾಂಡ್ ಒಳಗಿಂದ ತರಬೇಕಾದ ಪಜಲ್ ಬಾಕ್ಸ್ ಹುಡುಕಿ ಹುಡುಕಿ ಗೇಮನ್ನೇ ಬಿಟ್ಟವರಿದ್ದಾರೆ. ಇವೆಲ್ಲ ಲೋಪಗಳೇ. ಇದನ್ನೆಲ್ಲ 'ಹಳೆಯ ಕಾಲದ ಗತ್ತು' ಅಂತ ಮಾರಬೇಡಿ.

ಸರಿ, ಹಾಗಾದರೆ ದಾರಿ ಹೇಳುವುದು ಯಾಕೆ ನಿಂತಿತು? ಆಟಗಾರರು ಸೋಮಾರಿಗಳಾದರು ಅಂತ ಹಳಬರು ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ನನ್ನ ಪ್ರಕಾರ ಕಾರಣ ಧ್ವನಿ.

ಮಾರೋವಿಂಡ್‌ನಲ್ಲಿ ಬಹುಪಾಲು ಮಾತು ಬರೀ ಅಕ್ಷರ. ಬರೆಯುವವನಿಗೆ ಇನ್ನೊಂದು ಪ್ಯಾರಾ ಸೇರಿಸಲು ಖರ್ಚು ಏನೂ ಇಲ್ಲ. 2006ರಲ್ಲಿ ಆಬ್ಲಿವಿಯನ್ ಬಂತು, ಎಲ್ಲ ಮಾತಿಗೂ ಧ್ವನಿ ಬಂತು. ಚಕ್ರವರ್ತಿಗೆ ನಟ ಪ್ಯಾಟ್ರಿಕ್ ಸ್ಟೀವರ್ಟ್ ದನಿ, ಅವನ ಮಗ ಮಾರ್ಟಿನ್‌ಗೆ ನಟ ಶಾನ್ ಬೀನ್ ದನಿ. ಉಳಿದ ಇಡೀ ಸಾಮ್ರಾಜ್ಯಕ್ಕೆ ಕೈಬೆರಳಲ್ಲಿ ಎಣಿಸುವಷ್ಟು ಜನ. ಭಿಕ್ಷುಕ ಒಂದು ಮಾತನ್ನು ಒಡಕು ದನಿಯಲ್ಲಿ ಆಡಿ, ಮುಂದಿನ ಮಾತನ್ನು ಜಮೀನ್ದಾರನ ಠೀವಿಯಲ್ಲಿ ಆಡುತ್ತಿದ್ದ. ನಗು ಬರುತ್ತದೆ ನಿಜ. ಆದರೆ ಆ ನಗುವಿನ ಹಿಂದೆ ಲೆಕ್ಕ ಇದೆ. ಪ್ರತಿ ವಾಕ್ಯಕ್ಕೂ ಸ್ಟುಡಿಯೋ ಬೇಕು, ಕಲಾವಿದ ಬೇಕು, ಡಿಸ್ಕ್‌ನಲ್ಲಿ ಜಾಗ ಬೇಕು. ಒಮ್ಮೆ ರೆಕಾರ್ಡ್ ಆದ ಮೇಲೆ ಆ ಗುಹೆಯನ್ನು ಮ್ಯಾಪಿನಲ್ಲಿ ಅತ್ತಿತ್ತ ಸರಿಸಿದರೆ 'ಸೇತುವೆ ದಾಟಿ ಎಡಕ್ಕೆ' ಅನ್ನುವ ಮಾತು ಸುಳ್ಳಾಗುತ್ತದೆ. ಮತ್ತೆ ಕಲಾವಿದರನ್ನು ಕರೆಸಬೇಕು. ಇಷ್ಟೆಲ್ಲ ಯಾರು ಮಾಡುತ್ತಾರೆ? ಒಂದು ಬಾಣ ಇಟ್ಟರೆ ಮುಗಿಯಿತು. ಗುಹೆ ಸರಿದರೆ ಬಾಣವೂ ಸರಿಯುತ್ತದೆ.

ಇಲ್ಲಿ ಒಬ್ಬರು ಖಂಡಿತ ಕೈ ಎತ್ತುತ್ತಾರೆ. 'ಗಾಥಿಕ್ ಇಲ್ವಾ ಗುರೂ?' ಇದೆ, ಒಳ್ಳೆಯ ಪ್ರಶ್ನೆ. ಜರ್ಮನಿಯ ಪಿರಾನ್ಹಾ ಬೈಟ್ಸ್ ಸ್ಟುಡಿಯೋ 2001ರಲ್ಲಿ ತಂದ ಗಾಥಿಕ್ ಗೇಮ್‌ನಲ್ಲಿ ಎಲ್ಲರಿಗೂ ಧ್ವನಿ ಇತ್ತು, ಆದರೂ ಬಾಣ ಇರಲಿಲ್ಲ. ಮ್ಯಾಪ್ ಬೇಕಾದರೆ ಅದನ್ನು ಬಿಡಿಸುವವನ ಹತ್ತಿರ ಕೊಳ್ಳಬೇಕು. ದಾರಿ ಗೊತ್ತಿಲ್ಲದಿದ್ದರೆ ಕೆಲವರು 'ನನ್ನ ಹಿಂದೆ ಬಾ' ಅಂದು ಮುಂದೆ ನಡೆದು ತೋರಿಸುತ್ತಿದ್ದರು. ಎಷ್ಟು ಚೆಂದದ ಉಪಾಯ! ಆದರೆ ಅದರ ಲೋಕ ಚಿಕ್ಕದು. ಒಂದು ಕಣಿವೆ, ಮೂರು ಬಿಡಾರ. ಮೂಲೆ ಮೂಲೆಯೂ ಕೈಯಿಂದ ಕಟ್ಟಿದ್ದು. ಹಾಗಾಗಿ ಧ್ವನಿ ಒಂದೇ ಕೊಲೆಗಾರ ಅಲ್ಲ. ಧ್ವನಿಯೂ ಬೇಕು, ಭಾರೀ ಮ್ಯಾಪೂ ಬೇಕು ಅಂದಾಗ ಯಾವುದಾದರೂ ಒಂದು ಸಾಯಬೇಕಿತ್ತು. ದಾರಿ ಹೇಳುವ ಮಾತು ಸತ್ತಿತು. ಪಿರಾನ್ಹಾ ಬೈಟ್ಸ್ 2024ರಲ್ಲಿ ಮುಚ್ಚಿತು ಅನ್ನುವುದು ಬೇರೆ ಬೇಜಾರು. ಗಾಥಿಕ್ ರೀಮೇಕನ್ನು ಆಲ್ಕಿಮಿಯಾ ಇಂಟರ್ಯಾಕ್ಟಿವ್ ಅನ್ನುವ ಬೇರೆ ಸ್ಟುಡಿಯೋ ಕೈಗೆತ್ತಿಕೊಂಡಿತು. ನನಗೆ ಎಲ್ಡರ್ ಸ್ಕ್ರೋಲ್ಸ್ 6ಕ್ಕಿಂತ ಅದರ ಮೇಲೆಯೇ ಸ್ವಲ್ಪ ಜಾಸ್ತಿ ಕಣ್ಣು.

'ಮಾರ್ಕರ್ ಬೇಡ ಅಂದರೆ ಆಫ್ ಮಾಡ್ಕೊ' ಅನ್ನುತ್ತಾರೆ. ಮಾರ್ಕರ್ ಅಂದರೆ ಅದೇ ಬಾಣ. ಈ ಮಾತು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಸ್ಕೈರಿಮ್‌ನಲ್ಲಿ ಆಫ್ ಮಾಡಿ ನೋಡಿ. ಇಂಥ ಗುಹೆಗೆ ಹೋಗಿ ಇಂಥ ವಸ್ತು ತಾ ಅನ್ನುತ್ತಾರೆ. ಆ ಗುಹೆ ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟೋ ಕ್ವೆಸ್ಟ್‌ಗಳಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಬಾಣ ಇರುತ್ತದೆ ಅಂತ ನಂಬಿಯೇ ಆ ಮಾತು ಬರೆದಿದ್ದಾರೆ. ಬಾಣ ತೆಗೆದರೆ ಕುರುಡಾಟ. ಕೊನೆಗೆ ಮಾಡ್ ಮಾಡುವವರೇ ಕೂತು ಜರ್ನಲ್‌ನಲ್ಲಿ (ಕ್ವೆಸ್ಟ್‌ಗಳ ವಿವರ ಇರುವ ಪುಸ್ತಕದಲ್ಲಿ) ದಾರಿ ಬರೆದು ಸೇರಿಸಬೇಕಾಯಿತು. ಅವರು ಹೊಸ ಧ್ವನಿ ರೆಕಾರ್ಡ್ ಮಾಡಲಿಲ್ಲ. ಎರಡು ಸಾಲು ಬರೆದರು. ಸಾಕಾಯಿತು!

2018ರ ಅಸ್ಸಾಸಿನ್ಸ್ ಕ್ರೀಡ್ ಒಡಿಸ್ಸಿ ಕೂಡ ಇದನ್ನು ಮಾಡಿ ತೋರಿಸಿತು. ಅದರ ಎಕ್ಸ್‌ಪ್ಲೊರೇಶನ್ ಮೋಡ್‌ನಲ್ಲಿ ಗುರುತು ಮಾಯ, ಬದಲಿಗೆ ಯಾವ ಪ್ರದೇಶ, ಯಾವುದರ ಪಕ್ಕ ಅನ್ನುವ ಸುಳಿವು. ಅದು ಸಣ್ಣ ಮ್ಯಾಪೇನೂ ಅಲ್ಲ, ಇಡೀ ಗ್ರೀಸ್.

'ಮಾರ್ಕರ್ ಇಲ್ಲದಿದ್ದರೆ ಗೇಮ್ ಮಾರಾಟ ಆಗಲ್ಲ' ಅನ್ನುವ ವಾದ 2022ರ ಫೆಬ್ರವರಿಯಲ್ಲೇ ತೀರಿಕೊಂಡಿತು. ಎಲ್ಡನ್ ರಿಂಗ್ ಬಂತು. ಕ್ವೆಸ್ಟ್ ಪಟ್ಟಿ ಇಲ್ಲ, ಯಾರು ಎಲ್ಲಿದ್ದಾರೆ ಅಂತ ಹೇಳುವುದಿಲ್ಲ, ಹೇಳಿದರೂ ಒಗಟು. 2025ರ ಹೊತ್ತಿಗೆ ಮೂರು ಕೋಟಿ ಪ್ರತಿ ಖರ್ಚಾಗಿತ್ತು. ನನಗೆ ಅದರ ಒಗಟು ಸ್ವಲ್ಪ ಅತಿಯಾಯಿತು ಅನ್ನಿಸುತ್ತದೆ, ಅದು ಬೇರೆ ಮಾತು.

ಇನ್ನು ದೊಡ್ಡ ಮ್ಯಾಪ್ ಬೇಕು ಅನ್ನುವವರಿಗೆ ಇದೇ ಸರಣಿಯ 1996ರ ಡ್ಯಾಗರ್‌ಫಾಲ್ ಇದೆ. ಸಾವಿರಾರು ಊರುಗಳು, ಒಂದು ನಿಜವಾದ ದೇಶದಷ್ಟು ನೆಲ. ಬಹುಪಾಲು ಕಂಪ್ಯೂಟರ್ ಲೆಕ್ಕ ಹಾಕಿ ಹುಟ್ಟಿಸಿದ್ದು. ಬೆಥೆಸ್ಡಾ ಅದನ್ನು ಉಚಿತವಾಗಿಯೇ ಕೊಡುತ್ತದೆ, ಹೋಗಿ ಸುತ್ತಿ ಬನ್ನಿ. ಸಾಲದಿದ್ದರೆ ಬೆಥೆಸ್ಡಾದ್ದೇ 2023ರ ಸ್ಟಾರ್‌ಫೀಲ್ಡ್. ಸಾವಿರಕ್ಕೂ ಹೆಚ್ಚು ಗ್ರಹ, ಎರಡೂವರೆ ಲಕ್ಷ ಸಾಲು ಮಾತು. ಸ್ಕೈರಿಮ್‌ನಲ್ಲಿ ಇದ್ದಿದ್ದು ಸುಮಾರು ಅರವತ್ತು ಸಾವಿರ. ಮಾತು ನಾಲ್ಕು ಪಟ್ಟು ಬೆಳೆದರೂ ನಾವು ಬಾಣದ ಹಿಂದೆಯೇ ಓಡಿದೆವು.

2025ರ ಏಪ್ರಿಲ್‌ನಲ್ಲಿ ಆಬ್ಲಿವಿಯನ್ ರೀಮಾಸ್ಟರ್ಡ್ ಬಂದಾಗ ಕುತೂಹಲ ಇತ್ತು. ವರ್ಚುಯೋಸ್ ಅನ್ನುವ ಸ್ಟುಡಿಯೋ ಜೊತೆ ಸೇರಿ ಮಾಡಿದ್ದು. ಒಳಗೆ ಹಳೆಯ ಎಂಜಿನ್ನೇ, ಮೇಲೆ ಅನ್‌ರಿಯಲ್ 5 ಎಂಜಿನ್ನಿನ ಬಣ್ಣ. ಬೇರೆ ಬೇರೆ ಜನಾಂಗಗಳಿಗೆ ಹೊಸ ಧ್ವನಿಗಳನ್ನೂ ಸೇರಿಸಿದರು. 2006ರಲ್ಲಿ ಬೇರೆ ದುಡ್ಡು ಕೇಳಿ ಎಲ್ಲರ ಕೈಲಿ ಬೈಸಿಕೊಂಡ ಕುದುರೆ ಕವಚವೂ ಮತ್ತೆ ಬಂತು! ಆದರೆ ಬಾಣ ಕದಲಲಿಲ್ಲ. ಹಳೆಯ ಗೇಮಿಗೆ ಬಣ್ಣ ಹೊಡೆಯುವಾಗ ಮಾತು ತಿದ್ದಬೇಕಿತ್ತು ಅಂತ ನಾನು ಕೇಳುವುದಿಲ್ಲ. ಹೊಸ ಗೇಮಿನಲ್ಲಿ ಕೇಳುತ್ತೇನೆ.

ವಿಚರ್ 4 ಅನ್ನುವ ಇನ್ನೊಂದು ಗೇಮ್ ವಿಷಯದಲ್ಲೂ ಇದೇ ನನ್ನ ಚಿಂತೆ. 2024ರ ಡಿಸೆಂಬರ್‌ನಲ್ಲಿ ಟ್ರೇಲರ್ ಬಂದಾಗಿನಿಂದ ಹಳೆಯ ನಾಯಕ ಗೆರಾಲ್ಟ್ ಬದಲು ಸಿರಿ ನಾಯಕಿ ಆಗಬಹುದೋ ಬಾರದೋ ಅಂತ ಕಿತ್ತಾಟ ನಡೆದಿದೆ. ಅದರಲ್ಲಿ ನನಗೆ ಆಸಕ್ತಿ ಇಲ್ಲ, ಸಿರಿ ಚೆನ್ನಾಗಿಯೇ ಇದ್ದಾಳೆ. ನನ್ನ ಪ್ರಶ್ನೆ ಬೇರೆ. ವಿಚರ್ 3 ಬರವಣಿಗೆಯಲ್ಲಿ ಇವರೆಲ್ಲರಿಗಿಂತ ಮೇಲು. ಬ್ಲಡಿ ಬ್ಯಾರನ್ ಕಥೆ ಆಡಿದವರಿಗೆ ನಾನು ಹೇಳಬೇಕಾಗಿಲ್ಲ. ಆದರೆ ಅಂಥ ಕಥೆಗಳ ಊರುಗಳ ನಡುವೆ ನಾವು ನೋಡಿದ್ದೇನು? ಮೂಲೆಯಲ್ಲಿದ್ದ ಸಣ್ಣ ಮ್ಯಾಪಿನ ಚುಕ್ಕೆ ಸಾಲು. ದೆವ್ವದ ಜಾಡು ಹಿಡಿಯುವವನು ಗೆರಾಲ್ಟ್ ಅಂತ ಹೆಸರಿಗೆ. ಕೆಂಪಗೆ ಹೊಳೆಯುವ ಹೆಜ್ಜೆಗುರುತನ್ನು ಹಿಂಬಾಲಿಸುವುದಷ್ಟೇ ನಮ್ಮ ಕೆಲಸ. ರಾಕ್ಷಸರನ್ನು ಹುಡುಕುವ ಕಸುಬಿನ ಗೇಮಿನಲ್ಲೇ ಹುಡುಕುವ ಕೆಲಸ ಇಲ್ಲ ಅಂದರೆ ಹೇಗೆ?

ನಾನು ಕೇಳುವುದು ದೊಡ್ಡದೇನಲ್ಲ. ಮಾರ್ಕರ್ ಇರಲಿ. ಕೆಲಸ ಮುಗಿಸಿ ರಾತ್ರಿ ಒಂದು ಗಂಟೆ ಆಡುವವರಿಗೆ ಅದು ಬೇಕು. ಆದರೆ ಪ್ರತಿ ಕ್ವೆಸ್ಟಿಗೂ ಜರ್ನಲ್‌ನಲ್ಲಿ ನಾಲ್ಕು ಸಾಲು ದಾರಿ ಬರೆಯಿರಿ. ಧ್ವನಿ ಬೇಡ, ಅಕ್ಷರ ಸಾಕು. ಊರಿನ ಹೊರಗೆ ಕೈಕಂಬ ನಿಲ್ಲಿಸಿ. ಹೋಟೆಲಿನವಳನ್ನು ಕೇಳಿದರೆ ಕೋಟೆ ಯಾವ ಕಡೆ ಅಂತ ಕೈ ಮಾಡಿ ತೋರಿಸಲಿ. ಅಷ್ಟು ಮಾಡಿದರೆ ಮ್ಯಾಪ್ ಸ್ಕೈರಿಮ್‌ನ ಅರ್ಧ ಇದ್ದರೂ ನನ್ನದೇನೂ ತಕರಾರಿಲ್ಲ.

ಈಗ ಕಾಮೆಂಟ್‌ನಲ್ಲಿ ನನಗೊಂದು ಉತ್ತರ ಕೊಡಿ. ಮ್ಯಾಪ್ ತೆಗೆಯದೆ, ಬಾಣ ನೋಡದೆ, ಈಗಲೂ ನೀವು ನಡೆದು ಹೋಗಬಲ್ಲ ಒಂದು ದಾರಿ ಯಾವ ಗೇಮ್‌ನಲ್ಲಿದೆ? ಎಲ್ಲಿಂದ ಎಲ್ಲಿಗೆ? ಸ್ಕೈರಿಮ್‌ನ ವೈಟ್‌ರನ್‌ನಿಂದ ರಿವರ್‌ವುಡ್ ಅಂತ ಬರೆಯಬೇಡಿ, ಅದು ನನ್ನ ತಮ್ಮನಿಗೂ ಗೊತ್ತು.