ರೋಗಕ್ಕೆ ಮುಖ ಹಚ್ಚಿದ್ದು ಯಾರು?

ಸಹೋದ್ಯೋಗಿಗಳೇ, ವಿದ್ಯಾರ್ಥಿ ಮಿತ್ರರೇ,

1900ರ ಮಾರ್ಚ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಚೀನೀ ಕೇರಿಯಲ್ಲಿ ಒಬ್ಬ ಕಾರ್ಮಿಕ ಸತ್ತ. ತೊಡೆಸಂದಿನಲ್ಲಿ ಗಡ್ಡೆ ಎದ್ದಿತ್ತು. ಪ್ಲೇಗ್ ಎಂಬ ಗುಮಾನಿ ಸಾಕಾಯಿತು; ಪೊಲೀಸರು ಕೇರಿಯ ಸುತ್ತ ಹಗ್ಗ ಕಟ್ಟಿದರು. ಬಿಳಿಯರು ಹೊರಗೆ ಹೋಗಬಹುದಿತ್ತು, ಚೀನೀಯರು ಒಳಗೇ ಉಳಿಯಬೇಕಿತ್ತು. ಎರಡು ವರ್ಷ ಹಿಂದಷ್ಟೇ ನಮ್ಮ ಬೆಂಗಳೂರನ್ನೂ ಕಾಡಿದ್ದ ರೋಗ ಅದು. ಬೊಂಬಾಯಿಯಲ್ಲಿ ವಿಜ್ಞಾನಿ ಹಾಫ್‌ಕಿನ್ ಸಿದ್ಧಪಡಿಸಿದ್ದ ಲಸಿಕೆಯನ್ನು ಹಾಕಿಸಿಕೊಳ್ಳದೆ ಚೀನೀಯರು, ಜಪಾನೀಯರು ಊರು ಬಿಡಕೂಡದು ಎಂಬ ಆದೇಶವೂ ಹೊರಟಿತು. ಉಳಿದವರಿಗೆ ಅಂಥ ಕಟ್ಟಳೆಯಿರಲಿಲ್ಲ.

ಮೇ ಕೊನೆಯಲ್ಲಿ ಕೇರಿಗೆ ಮತ್ತೆ ದಿಗ್ಬಂಧನ. ಜ್ಯೂ ಹೋ ಎಂಬ ದಿನಸಿ ಅಂಗಡಿಯವರು ನ್ಯಾಯಾಲಯದ ಮೆಟ್ಟಿಲೇರಿದರು. ಜೂನ್‌ನಲ್ಲಿ ನ್ಯಾಯಾಧೀಶ ಮಾರೋ ದಿಗ್ಬಂಧನದ ವಿರುದ್ಧ ಕೊಟ್ಟ ತೀರ್ಪನ್ನು ಪ್ರತಿಯೊಬ್ಬ ವೈದ್ಯರೂ ಓದಬೇಕು. ಗಡಿಯ ಗೆರೆ ಬಿಳಿಯರ ಕಟ್ಟಡಗಳನ್ನು ಹೊರಗೆ ಬಿಟ್ಟು ಅಂಕುಡೊಂಕಾಗಿ ಸಾಗಿತ್ತು. ಒಳಗಿದ್ದವರು ತಾವು ನಂಬಿದ ವೈದ್ಯರನ್ನು ಕರೆಸಿಕೊಳ್ಳುವಂತಿರಲಿಲ್ಲ. ಆರೋಗ್ಯವಂತರನ್ನೂ ಒಂದೇ ಕಡೆ ಕೂಡಿಹಾಕಿದರೆ ರೋಗ ಹಬ್ಬುತ್ತದೆ ಎಂಬುದನ್ನು ವೈದ್ಯಾಧಿಕಾರಿಗಳಿಗೆ ಒಬ್ಬ ನ್ಯಾಯಾಧೀಶರು ತಿಳಿಹೇಳಬೇಕಾಯಿತು. ಇದನ್ನು ನೆನೆದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. 1907ರಲ್ಲಿ ಪ್ಲೇಗ್ ಮರಳಿ ಬಂದಾಗ ಹಾಸಿಗೆ ಹಿಡಿದವರಲ್ಲಿ ಹೆಚ್ಚಿನವರು ಬಿಳಿಯರು. ಆಗ ಇಲಿ ಹಿಡಿಯುವ ಕೆಲಸ ಭರದಿಂದ ನಡೆಯಿತು.

ಆ ಬೇಲಿ ನಿಂತದ್ದು ವೈದ್ಯರ ರುಜುವಿನ ಬಲದ ಮೇಲೆ. ಆದ್ದರಿಂದ ಏಷ್ಯಾ ಮೂಲದವರ ಮೇಲಿನ ದ್ವೇಷವನ್ನು ವೈದ್ಯರು ವಿರೋಧಿಸುವುದನ್ನು ನಾನು ಔದಾರ್ಯ ಎಂದು ಕರೆಯಲಾರೆ. ಅದು ನಮ್ಮ ವೃತ್ತಿಯ ಮೇಲಿರುವ ಹಳೆಯ ಸಾಲ.

2020ರಲ್ಲಿ ಆ ಸಾಲಕ್ಕೆ ಬಡ್ಡಿ ಬೆಳೆಯಿತು. ವಿಶ್ವ ಆರೋಗ್ಯ ಸಂಸ್ಥೆ ಫೆಬ್ರವರಿಯಲ್ಲೇ ಕೋವಿಡ್-19 ಎಂಬ ಹೆಸರಿಟ್ಟಿದ್ದರೂ ದೊಡ್ಡ ಹುದ್ದೆಯಲ್ಲಿದ್ದವರೇ ಅದನ್ನು 'ಚೀನೀ ವೈರಸ್' ಎಂದರು. ಅಮೆರಿಕದ ದಾದಿಯರಲ್ಲಿ ಫಿಲಿಪೀನ್ಸ್ ಮೂಲದವರು ನೂರಕ್ಕೆ ನಾಲ್ವರು ಮಾತ್ರ. ಆ ವರ್ಷದ ಸೆಪ್ಟೆಂಬರ್‌ವರೆಗೆ ಕೋವಿಡ್‌ಗೆ ಬಲಿಯಾದ ದಾದಿಯರಲ್ಲಿ ಸುಮಾರು ಮೂರನೇ ಒಂದು ಪಾಲು ಅವರೇ ಎಂದು ದಾದಿಯರ ಸಂಘ ಲೆಕ್ಕ ಕೊಟ್ಟಿತು. ಇಂಥವರಿಗೇ ಬೀದಿಯಲ್ಲಿ 'ನಿಮ್ಮ ದೇಶಕ್ಕೆ ಹೋಗಿ' ಎಂಬ ಬೈಗುಳ. 2021ರ ಮಾರ್ಚ್ 16ರಂದು ಅಟ್ಲಾಂಟಾ ಸುತ್ತಮುತ್ತ ಗುಂಡೇಟಿಗೆ ಬಲಿಯಾದ ಎಂಟು ಮಂದಿಯಲ್ಲಿ ಆರು ಜನ ಏಷ್ಯಾ ಮೂಲದ ಮಹಿಳೆಯರು.

ಆ ವಸಂತದಲ್ಲಿ ನಾನು ಅಲ್ಲಿನ ಆಸ್ಪತ್ರೆಯೊಂದರಲ್ಲಿದ್ದೆ. ಎಪ್ಪತ್ತು ದಾಟಿದ ಚೀನೀ ಅಜ್ಜಿಯೊಬ್ಬರ ಸಕ್ಕರೆ ಪ್ರಮಾಣ ಏರಿತ್ತು. ಮಾತ್ರೆ ಹೆಚ್ಚಿಸಲು ಹೊರಟವನು ಕೈ ತಡೆದು, "ಈಗ ನಡೆಯಲು ಹೋಗುವುದಿಲ್ಲವೇ?" ಎಂದು ಕೇಳಿದೆ. ಅವರು ದುಭಾಷಿಯ ಕಡೆಗೂ ನೋಡಲಿಲ್ಲ, ತಮ್ಮ ಕಾಲನ್ನೇ ನೋಡಿಕೊಂಡರು. ಬಸ್ ನಿಲ್ದಾಣದಲ್ಲಿ ಯಾರೋ ಮುಖಕ್ಕೆ ಉಗುಳಿದ್ದನಂತೆ. ಅಂದೇ ನಡಿಗೆಯ ಬೂಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ್ದರು. ಮಗನಿಗೂ ಹೇಳಿರಲಿಲ್ಲ.

ನಾನು ಅದನ್ನು ಅವರ ಕಡತದಲ್ಲಿ, ಸಕ್ಕರೆಯ ಅಂಕಿಯ ಪಕ್ಕದಲ್ಲೇ ಬರೆದೆ. ದಯವಿಟ್ಟು ನೀವೂ ಕೇಳಿ, ಬರೆಯಿರಿ. ಕಿರಿಯ ಸಹೋದ್ಯೋಗಿಯ ಮುಖ ನೋಡಿ "ಬೇರೆ ಡಾಕ್ಟರನ್ನು ಕಳಿಸಿ" ಎನ್ನುವ ರೋಗಿಯ ಎದುರು, ಆ ಕಿರಿಯರ ಪಕ್ಕದಲ್ಲಿ ನಿಲ್ಲಿ.

ಅಜ್ಜಿ ಬಂದುಹೋದ ಮರುವಾರದಿಂದ ನಮ್ಮ ವಿಭಾಗದ ಇಬ್ಬರು ಬೆಳಿಗ್ಗೆ ಏಳು ಗಂಟೆಗೆ ಅಜ್ಜಿಯ ಮನೆ ಬಾಗಿಲಿಗೆ ಹೋಗತೊಡಗಿದರು. ಮೊದಲ ದಿನ ಅಟ್ಟದಿಂದ ಬೂಟು ಇಳಿಸಿಕೊಟ್ಟದ್ದೂ ಅವರೇ.