ಔಷಧಿ ಕಿಟಕಿಯಿಂದ ವಾರ್ಡಿನವರೆಗೆ

ಕೇಳುಗರಿಗೆ ನಮಸ್ಕಾರ. ಕೋಲಾರವಿರಲಿ, ಮುಳಬಾಗಿಲಿರಲಿ, ಶ್ರೀನಿವಾಸಪುರವಿರಲಿ, ಆಸ್ಪತ್ರೆಗೆ ಹೋದವರಿಗೆ ಫಾರ್ಮಸಿಸ್ಟ್ ಕಾಣುವುದು ಕಿಟಕಿಯ ಆಚೆ, ಚೀಟಿ ತೆಗೆದುಕೊಂಡು ಮಾತ್ರೆ ಎಣಿಸಿ ಕೊಡುವವರಾಗಿ. ಆದರೆ ಆಸ್ಪತ್ರೆಯ ಪ್ರತಿಯೊಂದು ಆ್ಯಂಟಿಬಯೋಟಿಕ್ ಅವರ ಕೈ ದಾಟಿಯೇ ಹೋಗಬೇಕು. ವೈದ್ಯರು ತಮ್ಮ ರೋಗಿಗಳನ್ನು ನೋಡುತ್ತಾರೆ, ಸಿಸ್ಟರ್ ತಮ್ಮ ವಾರ್ಡು ನೋಡುತ್ತಾರೆ. ಇಡೀ ಆಸ್ಪತ್ರೆಯಲ್ಲಿ ಯಾವ ಔಷಧಿ ಎಷ್ಟು ಖರ್ಚಾಯಿತು ಎಂಬುದು ಗೊತ್ತಿರುವುದು ಫಾರ್ಮಸಿಗೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತಿರುವಾಗ ಆ ತಿಳಿವಳಿಕೆ ಬರೀ ದಾಸ್ತಾನಿನ ಲೆಕ್ಕವಾಗಿ ಉಳಿಯಬಾರದು.

ಎಡವಟ್ಟು ಶುರುವಾಗುವುದೇ ಇಂಡೆಂಟಿನಲ್ಲಿ, ಅಂದರೆ ವಾರ್ಡು ಫಾರ್ಮಸಿಗೆ ಕಳಿಸುವ ಬೇಡಿಕೆ ಪಟ್ಟಿಯಲ್ಲಿ. 'ಸೆಫ್ಟ್ರಿಯಾಕ್ಸೋನ್ 1 ಗ್ರಾಂ, 50 ವಯಲ್' ಎಂದು ವಾರ್ಡಿನಿಂದ ಬರುತ್ತದೆ, ಆ ಆ್ಯಂಟಿಬಯೋಟಿಕ್ ಇಂಜೆಕ್ಷನ್ನಿನ 50 ವಯಲ್, ಅಂದರೆ 50 ಸೀಸೆ, ಹೋಗುತ್ತದೆ. ಯಾರಿಗೆ, ಯಾವ ಸೋಂಕಿಗೆ, ಇದು ಎಷ್ಟನೆಯ ದಿನ, ಒಂದೂ ತಿಳಿಯದು. ಬೀರುವಿನಲ್ಲಿ ಸದಾ ಕೈಗೆ ಸಿಗುವ ಔಷಧಿಯನ್ನು ಶುರು ಮಾಡುವುದು ಸುಲಭ, ನಿಲ್ಲಿಸುವುದು ಯಾರಿಗೂ ನೆನಪಾಗುವುದಿಲ್ಲ. ಆದ್ದರಿಂದ ಆ್ಯಂಟಿಬಯೋಟಿಕ್ ಮಾತ್ರ ರೋಗಿಯ ಹೆಸರಿನಲ್ಲೇ ಹೋಗಲಿ. ಹೆಸರು, ಒಳರೋಗಿಯ ಐಪಿ ನಂಬರು, ಸೋಂಕು ಎಲ್ಲಿದೆ, ಯಾವ ಬ್ಯಾಕ್ಟೀರಿಯಾ ಎಂದು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸಿದ್ದಾರೆಯೇ, ಮತ್ತೆ ಯೋಚಿಸುವ ತಾರೀಖು ಯಾವುದು. ಐದು ಕಾಲಂ ಸಾಕು.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಈ ಔಷಧಿಗಳನ್ನು ಮೂರು ಗುಂಪು ಮಾಡಿತು: ಆಕ್ಸೆಸ್, ವಾಚ್, ರಿಸರ್ವ್. ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್ ಮೊದಲ ಗುಂಪಿನವು. ಅವನ್ನು ಕೇಳಿದ ಕೂಡಲೇ ಕೊಡಬಹುದು. ಸೆಫ್ಟ್ರಿಯಾಕ್ಸೋನ್, ಅಜಿತ್ರೋಮೈಸಿನ್, ಮೆರೋಪೆನಮ್ ಎರಡನೆಯವು, ಕಾರಣ ಬರೆದಿರಬೇಕು. ಕೊಲಿಸ್ಟಿನ್, ಲಿನೆಜೋಲಿಡ್ ಮೂರನೆಯವು. ಹಿರಿಯ ವೈದ್ಯರ ಸಹಿ ಬೇಕು. ಒಂದು ಎಚ್ಚರಿಕೆ: ಸಹಿಗಾಗಿ ಮೊದಲ ಡೋಸ್ ನಿಲ್ಲಬಾರದು. ಸೆಪ್ಸಿಸ್‌ನಿಂದ, ಅಂದರೆ ಸೋಂಕು ಮಿತಿಮೀರಿ ಅಂಗಾಂಗಗಳೇ ಕೆಡುವ ಸ್ಥಿತಿಯಿಂದ, ಬಿಪಿ ಕುಸಿದವರಿಗೆ ಒಂದು ಗಂಟೆಯೊಳಗೆ ಔಷಧಿ ಹೋಗಬೇಕು. ಕಾಗದ ಎರಡನೆಯ ಡೋಸಿಗೆ ಬರಲಿ.

ನಿಜವಾದ ಕೆಲಸ 48ರಿಂದ 72 ಗಂಟೆಯ ನಡುವೆ. ಅಷ್ಟರಲ್ಲಿ ಕಲ್ಚರ್ ವರದಿ ಬಂದಿರುತ್ತದೆ, ಜ್ವರದ ದಾರಿಯೂ ತಿಳಿದಿರುತ್ತದೆ. ಫಾರ್ಮಸಿಸ್ಟ್ ಆ ದಿನ ಕೇಸ್ ಶೀಟ್ ಹಿಡಿದು ರೌಂಡ್ಸ್‌ನಲ್ಲಿ ನಿಲ್ಲಬೇಕು. ಜ್ವರ ಇಳಿದಿದೆ, ರೋಗಿ ಊಟ ಮಾಡುತ್ತಿದ್ದಾರೆ, ವಾಂತಿಯಿಲ್ಲ ಎಂದರೆ ಮೆಟ್ರೊನಿಡಜೋಲ್, ಲಿವೋಫ್ಲಾಕ್ಸಸಿನ್‌ಗೆ ಡ್ರಿಪ್ ಬೇಕಿಲ್ಲ. ಮಾತ್ರೆಯೂ ಹೆಚ್ಚುಕಮ್ಮಿ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತದೆ. ಮಿದುಳು, ಹೃದಯದ ಕವಾಟದ ಸೋಂಕುಗಳ ಮಾತು ಬೇರೆ. ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್ ಅಥವಾ ಮೆರೋಪೆನಮ್ ಜೊತೆಗೆ ರೂಢಿಯಿಂದ ಮೆಟ್ರೊನಿಡಜೋಲ್ ಸೇರಿಸಿರುತ್ತಾರೆ. ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾವನ್ನು ಮೊದಲನೆಯದೇ ನೋಡಿಕೊಳ್ಳುವುದರಿಂದ ಸಾಮಾನ್ಯವಾಗಿ ಎರಡನೆಯದು ವ್ಯರ್ಥ.

ಇನ್ನು ಕಿಡ್ನಿಗೆ ತಕ್ಕ ಡೋಸ್. ಇಲ್ಲಿ ಕಣ್ಣು ಮೋಸ ಹೋಗುವುದು ಹೆಚ್ಚು. 70 ವರ್ಷದ ಅಜ್ಜಿ, ತೂಕ 45 ಕೆಜಿ, ಕಿಡ್ನಿ ಹೊರಹಾಕಬೇಕಾದ ರಕ್ತದ ಕಸವಾದ ಕ್ರಿಯಾಟಿನಿನ್ 1.4. ಸ್ವಲ್ಪವೇ ಜಾಸ್ತಿ ಎನಿಸುತ್ತದೆ. ಲೆಕ್ಕ ಹಾಕಿ: 140ರಲ್ಲಿ 70 ಕಳೆದು ಉಳಿದ 70ನ್ನು ತೂಕ 45ರಿಂದ ಗುಣಿಸಿದರೆ 3150. ಅದನ್ನು 72 ಗುಣಿಸು 1.4ರಿಂದ ಭಾಗಿಸಿದರೆ ಸುಮಾರು 31. ಹೆಂಗಸಾದ್ದರಿಂದ 0.85ರಿಂದ ಗುಣಿಸಿ, ಕಿಡ್ನಿ ಶುದ್ಧ ಮಾಡುವ ವೇಗ ನಿಮಿಷಕ್ಕೆ 27 ಮಿಲಿಲೀಟರಿಗೂ ಕಡಿಮೆ. ಇಂಥವರಿಗೆ ಮೆರೋಪೆನಮ್ 1 ಗ್ರಾಂ 8 ಗಂಟೆಗೊಮ್ಮೆ ಅಲ್ಲ, 12 ಗಂಟೆಗೊಮ್ಮೆ. ವೈದ್ಯರಿಗೆ ಫೋನ್ ಮಾಡುವಾಗ 'ಡೋಸ್ ತಪ್ಪಿದೆ' ಎನ್ನದೆ ಈ ಅಂಕಿ ಮತ್ತು ಬದಲಿ ಡೋಸ್ ಎರಡನ್ನೂ ಒಟ್ಟಿಗೆ ಹೇಳಿ, ಹೇಳಿದ್ದನ್ನು ಕೇಸ್ ಶೀಟಿನಲ್ಲಿ ಬರೆಯಬೇಕು. ಕಿರಿಯ ಫಾರ್ಮಸಿಸ್ಟ್‌ಗೆ ಈ ಧೈರ್ಯ ತಾನಾಗಿ ಬಾರದು. ಸೂಪರಿಂಟೆಂಡೆಂಟರ ಲಿಖಿತ ಆದೇಶ ಬೆನ್ನಿಗಿರಬೇಕು. ಕಿಟಕಿಯಲ್ಲಿ ನೂರು ಜನ ನಿಂತಿರುವಾಗ ಒಬ್ಬರೇ ಇರುವ ಫಾರ್ಮಸಿಸ್ಟ್ ವಾರ್ಡಿಗೆ ಹೋಗಲಾರರು. ಅಲ್ಲಿ ಇನ್ನೊಬ್ಬರನ್ನು ಕೂರಿಸದೆ ಈ ಕೆಲಸ ಹೇಳುವುದು ಅನ್ಯಾಯ.

ಆಪರೇಷನ್‌ಗೆ ಮುಂಚಿನ ಡೋಸ್: ಸೆಫಜೋಲಿನ್ 2 ಗ್ರಾಂ, ಕೊಯ್ಯುವ ಮೊದಲಿನ 60 ನಿಮಿಷದೊಳಗೆ. 24 ಗಂಟೆ ದಾಟಿ ಮುಂದುವರಿಸಬೇಕಿಲ್ಲ.

ಬದಲಾವಣೆ ಆಗಿದೆಯೇ ಎಂದು ತಿಳಿಯಲು ಒಂದೇ ವಾರ್ಡು, ಒಂದೇ ಔಷಧಿ ಆರಿಸಿಕೊಳ್ಳಿ. ತಿಂಗಳಲ್ಲಿ 1 ಗ್ರಾಮಿನ 300 ವಯಲ್ ಸೆಫ್ಟ್ರಿಯಾಕ್ಸೋನ್ ಖರ್ಚಾಯಿತು ಎನ್ನೋಣ. ಅದರ ಪ್ರಮಾಣಿತ ದಿನದ ಡೋಸ್ 2 ಗ್ರಾಂ, ಅಂದರೆ 150 ಡೋಸ್. ರೋಗಿಗಳು ಹಾಸಿಗೆಯಲ್ಲಿದ್ದ ದಿನಗಳು ಒಟ್ಟು 1200 ಆದರೆ ಅಂಥ ನೂರು ದಿನಕ್ಕೆ 12.5 ಡೋಸ್. ಈ ಅಂಕಿಯನ್ನು ಪ್ರತಿ ತಿಂಗಳು ಅದೇ ವಾರ್ಡಿನ ಗೋಡೆಗೆ ಅಂಟಿಸಿ.

ಡಿಸ್ಚಾರ್ಜ್ ದಿನ ಮತ್ತೆ ಕಿಟಕಿಯ ಕೆಲಸ. ನಮ್ಮ ಗಡಿ ತಾಲ್ಲೂಕುಗಳಲ್ಲಿ ಮನೆಮಾತು ತೆಲುಗು, ಕೆಜಿಎಫ್‌ನಲ್ಲಿ ತಮಿಳು. ರೋಗಿಯ ಮಾತಿನಲ್ಲೇ ಹೇಳಿ, ಅವರಿಂದಲೇ ತಿರುಗಿ ಹೇಳಿಸಿ. ಸಿಪ್ರೊಫ್ಲಾಕ್ಸಸಿನ್ ಮಾತ್ರೆಯನ್ನು ಹಾಲಿನೊಡನೆ ನುಂಗಿದರೆ ಕ್ಯಾಲ್ಸಿಯಂ ಅದನ್ನು ಹಿಡಿದಿಟ್ಟು ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಹಸು ಕಟ್ಟಿದ ಮನೆಗಳೇ ಹೆಚ್ಚಿರುವ ಜಿಲ್ಲೆಯಲ್ಲಿ ಇದನ್ನು ಮರೆಯದೆ ಹೇಳಬೇಕು: ಮಾತ್ರೆಗೆ ನೀರು, ಹಾಲು ಕನಿಷ್ಠ 2 ಗಂಟೆಯ ಮೇಲೆ. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದೆಂದು ತೋರಿಸಿ. ಮುಗಿಯುವ ತಾರೀಖನ್ನು ಕವರಿನ ಮೇಲೆ ದಪ್ಪಕ್ಷರದಲ್ಲಿ ಬರೆದು, ಅಷ್ಟೇ ಮಾತ್ರೆ ಎಣಿಸಿ ಕೊಡಿ. ನಮಸ್ಕಾರ.